ಮನೋಧರ್ಮ ಸಂಗೀತ: ಸಂಚಾರಿ ಗವಾಯಿಗಳಿಂದ ಕಲಿತ ಒಂದು ಪಾಠ

ಸಂಗೀತವೆಂದರೆ ಕಲಿತ ಹಾಡನ್ನು ತಪ್ಪಿಲ್ಲದೆ ಒಪ್ಪಿಸುವುದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ನನಗೂ ಇತ್ತು. ಅದನ್ನು ತಿದ್ದಿದವರು ನಮ್ಮೂರ ಮಠಕ್ಕೆ ಪುರಾಣಕ್ಕೆಂದು ಬಂದಿದ್ದ ಒಬ್ಬ ಸಂಚಾರಿ ಗವಾಯಿಗಳು. ಅವರಿಂದ ತಿಳಿದುದನ್ನೂ, ಆಮೇಲೆ ಓದಿ ಕೇಳಿ ತಿಳಿದುದನ್ನೂ ಸಹಪಾಠಿ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಶ್ರಾವಣಮಾಸದ ಪುರಾಣವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕಲಬುರ್ಗಿ ಶರಣಬಸವೇಶ್ವರರ ಪುರಾಣವೋ ಮತ್ತಾವ ಶರಣರ ಪುರಾಣವೋ ಹಚ್ಚುತ್ತಾರೆ. ಪ್ರವಚನ ಹೇಳುವವರು ಒಬ್ಬರು, ಹಾರ್ಮೋನಿಯಂ ಹಿಡಿದ ಗವಾಯಿಗಳು ಒಬ್ಬರು, ತಬಲಾ ಬಾರಿಸುವವರು ಒಬ್ಬರು. ಈ ಮೂವರ ಮೇಳ ದಿನಾಲು ಸಂಜೆ ಮಠದಲ್ಲಿ ಕೂಡುತ್ತದೆ. ಪುರಾಣ ಮಂಗಲವಾದೊಡನೆ ಮುಂದಿನ ಊರಿಗೆ ಸಾಗುತ್ತದೆ.

ಅಂಥ ಒಂದು ಸಂಜೆ ಗವಾಯಿಗಳು ಹಾಡಿದ ವಚನವೊಂದು ನನಗೆ ಬಹಳ ಹಿಡಿಸಿತು. ಕಾಲೇಜಿನ ಸ್ನೇಹ ಸಮ್ಮೇಲನದ ಸ್ಪರ್ಧೆಯಲ್ಲಿ ಅದನ್ನೇ ಹಾಡಬೇಕೆಂದು ಅದರ ಧಾಟಿಯನ್ನು ಸರಿಗಮದಲ್ಲಿ ವಹಿಯೊಳಗೆ ಬರೆದುಕೊಂಡೆ. ಮರುದಿನ ಅವರು ಅದೇ ವಚನವನ್ನು ಹಾಡಿದಾಗ ನೋಡಿದರೆ, ನಾನು ಬರೆದುದಕ್ಕೂ ಅವರು ಹಾಡುವುದಕ್ಕೂ ತಾಳೆಯೇ ಬೀಳಲಿಲ್ಲ. ತಪ್ಪು ನನ್ನದೆಂದು ತಿದ್ದಿಕೊಂಡೆ. ಮೂರನೆಯ ದಿನ ಮತ್ತೆ ಬೇರೆ. ಒಂದೇ ಶಬ್ದವನ್ನು ಹತ್ತು ನಿಮಿಷ ಹಿಡಿದು ಕುಳಿತರು. ಮಂಗಳಾರತಿಯಾದ ಮೇಲೆ ಧೈರ್ಯ ಮಾಡಿ ಹತ್ತಿರ ಹೋಗಿ ವಹಿ ತೋರಿಸಿ, “ಅಜ್ಜಾರ, ಇದರಾಗ ಖರೇ ಧಾಟಿ ಯಾವುದ್ರಿ?” ಎಂದು ಕೇಳಿದೆ. ಅವರು ನಕ್ಕು ಹೇಳಿದರು: “ಮೊನ್ನೆ ಮಳಿ ಇತ್ತು, ಮಂದಿ ಇಪ್ಪತ್ತೂ ಇರಲಿಲ್ಲ. ನಿನ್ನೆ ಪ್ರವಚನದಾಗ ದಾಸೋಹದ ಮಾತು ಬಂತು. ಇವತ್ತ ತಬಲಾದವರ ಕೈ ಛಲೋ ಇತ್ತು. ಹಾಡು ಹ್ಯಾಂಗ ಒಂದ ಆದೀತು, ತಮ್ಮಾ? ರಾಗ ಏನರ ತಪ್ಪೇತೇನು, ಅದನ್ನ ನೋಡು.”

ಈ ಉತ್ತರದಲ್ಲಿಯೇ ನಮ್ಮ ಪಾಠವೆಲ್ಲ ಅಡಗಿದೆ. ಬದಲಾಗುವುದು ಯಾವುದು, ಬದಲಾಗದೆ ನಿಲ್ಲುವುದು ಯಾವುದು ಎಂಬುದನ್ನು ತಿಳಿದರೆ ಮನೋಧರ್ಮ ಸಂಗೀತ ತಿಳಿದಂತೆ. ಮುಂಚಿತವಾಗಿ ಗೊತ್ತುಮಾಡಿಕೊಳ್ಳದೆ, ಆ ಕ್ಷಣದಲ್ಲಿ ತನ್ನ ಕಲ್ಪನೆಯಿಂದ ರಾಗವನ್ನು ಬೆಳೆಸಿ ಹಾಡುವುದಕ್ಕೆ ಈ ಹೆಸರು.

ಮೊದಲು ರಾಗದ ಕಟ್ಟನ್ನು ನೋಡೋಣ. ಭೂಪಾಲಿ ರಾಗದಲ್ಲಿ ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು. ಕರ್ನಾಟಕ ಪದ್ಧತಿಯ ಮೋಹನಕ್ಕೂ ಇವೇ ಸ್ವರಗಳು. ಐದು ಸ್ವರಗಳನ್ನು ಒಂದೊಂದು ಸಲ ಮಾತ್ರ ಬಳಸಿ ಜೋಡಿಸಿದರೆ ೧೨೦ ಬಗೆಯ ಜೋಡಣೆಗಳಾಗುತ್ತವೆ. ಏಳು ಸ್ವರಗಳಿದ್ದರೆ ೫,೦೪೦. ಹಾಗಾದರೆ ಈ ಲೆಕ್ಕವನ್ನು ಬಾಯಿಪಾಠ ಮಾಡಿದವನು ಗವಾಯಿಯಾದಾನೇ? ಆಗಲಾರ. ಏಕೆಂದರೆ ದೇಶಕಾರವೆಂಬ ಇನ್ನೊಂದು ರಾಗ ಉಂಟು; ಅದಕ್ಕೂ ಇವೇ ಐದು ಸ್ವರಗಳು. ಭೂಪಾಲಿ ರಾತ್ರಿಯ ಮೊದಲ ಪ್ರಹರದ ರಾಗ, ಗಾಂಧಾರ ಅದರ ವಾದಿಸ್ವರ. ದೇಶಕಾರ ಬೆಳಗಿನ ರಾಗ, ಅದರ ವಾದಿಸ್ವರ ಧೈವತ. ಭೂಪಾಲಿಯನ್ನು ಹಾಡುವವನು ಧೈವತದ ಮೇಲೆ ಮಿತಿಮೀರಿ ನಿಂತರೆ, ಒಂದು ಸ್ವರವೂ ತಪ್ಪದಿದ್ದರೂ ರಾಗ ಕೆಡುತ್ತದೆ. ಯಾವ ಸ್ವರಗಳೆಂಬುದು ಮಾತ್ರವಲ್ಲ, ಎಲ್ಲಿ ನಿಲ್ಲಬೇಕು, ಎಲ್ಲಿ ಮುಟ್ಟಿ ಸರಿಯಬೇಕು, ಹೇಗೆ ಏರಿ ಹೇಗೆ ಇಳಿಯಬೇಕು ಎಂಬುದೇ ರಾಗ. ಈ ಎಲ್ಲೆಯೊಳಗೆ ಗವಾಯಿಗೆ ಪೂರ್ಣ ಸ್ವಾತಂತ್ರ್ಯ ಉಂಟು.

ಎರಡನೆಯ ಕಟ್ಟು ತಾಳ. ಏಕತಾಳಕ್ಕೆ ೧೨ ಮಾತ್ರೆ, ತೀನತಾಳಕ್ಕೆ ೧೬. ವಿಲಂಬಿತದಲ್ಲಿ ಒಂದು ಆವರ್ತನೆಗೆ ಒಮ್ಮೊಮ್ಮೆ ಒಂದು ನಿಮಿಷದಷ್ಟು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಗವಾಯಿಯು ಎಲ್ಲಿ ಬೇಕಾದರೂ ತಿರುಗಾಡಿ ಬರಬಹುದು. ಆದರೆ ಆವರ್ತನೆ ಮುಗಿದು ಮೊದಲ ಮಾತ್ರೆ, ಅಂದರೆ ಸಮ, ಬಂದಾಗ ಹಾಡಿನ ಪಲ್ಲವಿಯೊಡನೆ ಅಲ್ಲಿ ಹಾಜರಿರಬೇಕು. ಹೊಲಕ್ಕೆ ಹೋದವರು ಹೊತ್ತು ಮುಳುಗುವುದರೊಳಗೆ ಮನೆ ಸೇರುವಂತೆ ಇದು. ತಬಲಾದವರು ದಾರಿ ಕಾಯುತ್ತಾರೆ. ಇಬ್ಬರೂ ಸಮದಲ್ಲಿ ಕೂಡಿದಾಗ ತಿಳಿದ ಕೇಳುಗರು ತಾವಾಗಿಯೇ ತಲೆದೂಗುತ್ತಾರೆ.

ಈ ವಿದ್ಯೆ ನಮ್ಮ ಹಳ್ಳಿಗಳಿಗೆ ಹೇಗೆ ಬಂದಿತು? ದೊಡ್ಡ ದೊಡ್ಡ ಸಭಾಗೃಹಗಳು ಇಲ್ಲಿ ಇರಲಿಲ್ಲ. ೧೯೪೮ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿಯೂ, ೧೯೫೬ರಿಂದ ಮೈಸೂರು ರಾಜ್ಯದಲ್ಲಿಯೂ ಇದ್ದ ಈ ಸೀಮೆ ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಸಂಗೀತವನ್ನು ಇಲ್ಲಿಗೆ ತಂದವರು ನಾಟಕ ಕಂಪನಿಗಳವರು ಮತ್ತು ಮಠಗಳ ಗವಾಯಿಗಳು. ಕಂಪನಿ ನಾಟಕದಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ನಟನು ಅದೇ ಪದವನ್ನು ಹೊಸ ಆಲಾಪ, ಹೊಸ ತಾನುಗಳಿಂದ ಮತ್ತೆ ಹಾಡಬೇಕಾಗುತ್ತಿತ್ತು. ಮಲ್ಲಿಕಾರ್ಜುನ ಮನಸೂರರೂ (೧೯೧೦-೧೯೯೨) ಬಸವರಾಜ ರಾಜಗುರುಗಳೂ ಎಳೆಯ ವಯಸ್ಸಿನಲ್ಲಿ ಈ ಕಂಪನಿಗಳ ಗಾಳಿ ಉಂಡವರೇ.

ಮಠಗಳ ಪರಂಪರೆಯಲ್ಲಿ ಮೊದಲು ನೆನೆಯತಕ್ಕ ಹೆಸರು ಗಾನಯೋಗಿ ಪಂಚಾಕ್ಷರ ಗವಾಯಿಗಳದು (೧೮೯೨-೧೯೪೪). ದೃಷ್ಟಿಹೀನರಾದ ಈ ಮಹನೀಯರು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಅಭ್ಯಾಸಮಾಡಿ, ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಈ ಸಂಚಾರಿ ಪಾಠಶಾಲೆಯೇ ಮುಂದೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಅದನ್ನು ಬೆಳೆಸಿ, ಅಂಧರಿಗೂ ಬಡವರಿಗೂ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು.

ಗಂಗಾವತಿಯ ಆನೆಗೊಂದಿಗೆ ಹೊಳೆಯಾಚೆಯೇ ಇರುವ ಹಂಪಿಯಲ್ಲಿ ೧೯೩೬ರಲ್ಲಿ ವಿಜಯನಗರದ ೬೦೦ನೆಯ ವರ್ಷದ ಉತ್ಸವ ನಡೆಯಿತು. ತರುಣ ಬಸವರಾಜ ರಾಜಗುರುಗಳು ದೊಡ್ಡ ಸಭೆಯ ಮುಂದೆ ಹಾಡಿ ಹೆಸರಾದುದು ಅಲ್ಲಿ. ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳಾದ ಪಂಚಾಕ್ಷರ ಗವಾಯಿಗಳು! ಶಿಷ್ಯನು ಕಲ್ಪನೆಯ ಬೆನ್ನು ಹತ್ತಿ ಎಷ್ಟು ದೂರ ಹೋದರೂ ಸಮದ ದಾರಿಯನ್ನು ಗುರುಗಳೇ ಕಾಯುತ್ತಿದ್ದರು. ಮನೋಧರ್ಮದ ಸ್ವರೂಪವನ್ನು ತಿಳಿಸಲು ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿಯದು.

ಕಟ್ಟನ್ನು ಚೆನ್ನಾಗಿ ಬಲ್ಲವರೇ ಪ್ರಯೋಗವನ್ನೂ ಮಾಡಿದ್ದಾರೆ. ಮಿರಜಿನಲ್ಲಿ ನೆಲೆಸಿ, ಮೈಸೂರು ಅರಮನೆಗೂ ಹೋಗಿಬರುತ್ತಿದ್ದ ಅಬ್ದುಲ್ ಕರೀಂ ಖಾನರು (೧೮೭೨-೧೯೩೭) ಹಿಂದುಸ್ತಾನಿ ಗಾಯಕರಾಗಿದ್ದೂ ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಸಿದರು. ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು (೧೮೮೬-೧೯೫೨). ಮನಸೂರರು ಹಿಂದುಸ್ತಾನಿ ರಾಗಗಳಲ್ಲಿ ವಚನಗಳನ್ನು ಹಾಡಿದರು. ಸ್ವರವಚನಗಳನ್ನು ಬಿಟ್ಟರೆ ವಚನಗಳಿಗೆ ಛಂದಸ್ಸಿನ ಕಟ್ಟಿಲ್ಲ; ಗದ್ಯದಂತಿರುವ ಮಾತನ್ನು ತಾಳದೊಳಗೆ ಎಲ್ಲಿ ಮುರಿಯಬೇಕು, ಯಾವ ಶಬ್ದವನ್ನು ಬೆಳೆಸಬೇಕೆಂಬುದನ್ನು ಹಾಡುವವನೇ ಕಂಡುಕೊಳ್ಳಬೇಕು. ಆದುದರಿಂದ ನಮ್ಮ ಮಠದ ಗವಾಯಿಗಳು ದಿನಾಲು ಸಂಜೆ ಮಾಡುವುದೂ ಪ್ರಯೋಗವೇ ಸರಿ.

ಇನ್ನು ಕೇಳುಗರ ಪಾತ್ರ. ಗವಾಯಿಗಳು ಕೇಳುವವರ ಮುಖ ನೋಡಿ ಹಾಡುತ್ತಾರೆ. ಆಲಾಪ ಆರಂಭವಾದೊಡನೆ ನಾವು ಮಾತಿಗೆ ತೊಡಗಿದರೆ ಅವರು ಅದನ್ನು ಮೊಟಕುಗೊಳಿಸುತ್ತಾರೆ. ಸಿನಿಮಾದ ಧಾಟಿಯನ್ನೇ ಕೇಳಿದರೆ ಅದನ್ನೇ ಕೊಡುತ್ತಾರೆ. ಅವರ ಹೊಟ್ಟೆಪಾಡು ನಮ್ಮ ಕೈಯಲ್ಲಿದೆ. ಮೂರು ಶ್ರಾವಣ ಹೀಗೆ ಕಳೆದರೆ ನಾಲ್ಕನೆಯದಕ್ಕೆ ಆಲಾಪವನ್ನು ಕೇಳುವವರೂ ಇಲ್ಲ, ಹಾಡುವವರೂ ಇಲ್ಲ.

ಆದುದರಿಂದ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಂಜೆ ಕುಳಿತಾಗ ಮೊದಲು ಷಡ್ಜವನ್ನು ಗುರುತಿಸಿರಿ. ಗವಾಯಿಗಳು ಯಾವ ಸ್ವರಕ್ಕೆ ಮತ್ತೆ ಮತ್ತೆ ಬಂದು ನಿಲ್ಲುತ್ತಾರೆಂಬುದನ್ನು ಲಕ್ಷ್ಯವಿಟ್ಟು ನೋಡಿರಿ. ಬೆರಳಿನ ಮೇಲೆ ಮಾತ್ರೆಗಳನ್ನು ಎಣಿಸಿ ಸಮವನ್ನು ಹಿಡಿಯಿರಿ. ಸಾಧ್ಯವಾದರೆ ಮರುದಿನವೂ ಹೋಗಿ, ನಿನ್ನೆಯದಕ್ಕಿಂತ ಇಂದು ಬೇರೆಯಾದುದು ಏನೆಂದು ಕೇಳಿರಿ. ಶಾಸ್ತ್ರದ ಗ್ರಂಥಗಳನ್ನು ಆಮೇಲೆ ಓದಿದರೂ ನಡೆದೀತು.

ಸ್ನೇಹ ಸಮ್ಮೇಲನದ ದಿನ ನಾನು ವಹಿಯನ್ನು ಮನೆಯಲ್ಲಿಯೇ ಬಿಟ್ಟುಹೋಗಿ ಆ ವಚನವನ್ನು ಭೂಪಾಲಿಯಲ್ಲಿ ಹಾಡಿದೆ. ನಡುವೆ ಒಮ್ಮೆ ಸಮ ತಪ್ಪಿತು, ಬಹುಮಾನವೂ ಬರಲಿಲ್ಲ. ಆದರೆ ಒಂದು ಸಾಲಿನಲ್ಲಿ, ನಾನು ಎಂದೂ ಬರೆದುಕೊಳ್ಳದ ಒಂದು ಸಣ್ಣ ತಿರುವು ತಾನಾಗಿಯೇ ಬಂದಿತು, ರಾಗ ತಪ್ಪಿರಲಿಲ್ಲ. ಮುಂದಿನ ಶ್ರಾವಣದಲ್ಲಿ ಗವಾಯಿಗಳು ಬಂದರೆ ಅದನ್ನು ಅವರಿಗೆ ಹಾಡಿ ತೋರಿಸಬೇಕೆಂದಿದ್ದೇನೆ.