ಅಚ್ಚೆರಕದ ಕ್ರೇನ್ ಮಾದರಿ: ದರ ಹೇಳುವ ಮುನ್ನ ಪರೀಕ್ಷೆ

ಕೊಪ್ಪಳ ಜಿಲ್ಲೆಗೆ ಆಟಿಕೆ ಹೊಸದಲ್ಲ. ಕಿನ್ನಾಳದ ಮರದ ಗೊಂಬೆಗಳು ಹೆಸರುವಾಸಿಯಾಗಿವೆ. ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಣ್ಣ ಉದ್ಯಮಿಗಳು ಆಟಿಕೆಯ ಬಿಡಿಭಾಗಗಳ ಪೂರೈಕೆಗೆ ಮುಂದಾಗುವುದಾದರೆ, ಖರೀದಿದಾರನು ಮುಂದಿಟ್ಟ ಮಾದರಿಯನ್ನು ಪರೀಕ್ಷಿಸುವ ವಿದ್ಯೆ ಮೊದಲು ಕೈವಶವಾಗಬೇಕು. ಎರಕ, ಬಣ್ಣ, ಮುದ್ರಣ, ಚಲನೆ ಎಲ್ಲವೂ ಕೂಡಿರುವ ಮೊಬೈಲ್ ಕ್ರೇನ್ ಇದಕ್ಕೆ ತಕ್ಕ ಉದಾಹರಣೆ.

ಅಳತೆ: ನಿರ್ಮಾಣ ಯಂತ್ರಗಳ ಮಾದರಿಗಳಲ್ಲಿ 1:50 ಪ್ರಮಾಣ ಹೆಚ್ಚು ರೂಢಿಯಲ್ಲಿದೆ. 3 ಮೀಟರ್ ಅಗಲದ ಕ್ರೇನ್ ಇಲ್ಲಿ 60 ಮಿ.ಮೀ. ಇರಬೇಕು. 20 ಮಿ.ಮೀ. ದಪ್ಪದ ತಂತಿಹಗ್ಗ 0.4 ಮಿ.ಮೀ. ದಾರವಾಗಬೇಕು. ದಾರ ಅಥವಾ ಕೈಪಿಡಿಕಂಬಿ ದಪ್ಪವಾಗಿದ್ದರೆ ಮಾದರಿಯ ಬೆಲೆ ಇಳಿಯುತ್ತದೆ. ತೂಕವನ್ನು ಮಾತ್ರ ನಂಬಬಾರದು. ತೂಕ ಪ್ರಮಾಣದ ಘನಕ್ಕೆ ಅನುಗುಣವಾಗಿ ಇಳಿಯುವುದರಿಂದ 60 ಟನ್ನಿನ ಕ್ರೇನ್ ಲೆಕ್ಕದಂತೆ 480 ಗ್ರಾಂ ಮಾತ್ರ. ಕೈಗೆ ಭಾರವೆನಿಸುವುದು ಲೋಹದ ಖರ್ಚನ್ನು ತಿಳಿಸುತ್ತದೆಯೇ ಹೊರತು ನಿಖರತೆಯನ್ನಲ್ಲ.

ಎರಕ: ಅಚ್ಚಿನ ಎರಡು ಭಾಗ ಕೂಡುವ ಗೆರೆ, ಅಂಚಿನ ಹೆಚ್ಚುವರಿ ಲೋಹ, ಬಣ್ಣದಡಿಯ ಗುಳ್ಳೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಸತುವಿನ ಮಿಶ್ರಲೋಹದಲ್ಲಿ ಸೀಸದ ಅಂಶ ಶೇ. 0.005ನ್ನು ಮೀರಬಾರದೆಂಬುದು ಅಂತರರಾಷ್ಟ್ರೀಯ ಮಾನಕ. ಅಗ್ಗದ ಗುಜರಿ ಬೆರೆಸಿದ ಎರಕ ಅಂದು ಚೆನ್ನಾಗಿ ಕಂಡರೂ ಕೆಲವು ವರ್ಷಗಳಲ್ಲಿ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಆಗ ಹೋಗುವುದು ಸರಕು ಮಾತ್ರವಲ್ಲ, ತಯಾರಕನ ಹೆಸರು ಕೂಡ.

ಚಲನೆ: ಬೂಮ್ ಪೂರ್ತಿ ಚಾಚಿ ಎತ್ತಿದಾಗ ತಾನಾಗಿ ಕುಸಿಯಬಾರದು. ಆಧಾರದ ಕಾಲುಗಳನ್ನು ಇಳಿಸಿದಾಗ ಮಾದರಿ ಮಟ್ಟವಾಗಿ ನಿಲ್ಲಬೇಕು. ದಾರ ರಾಟೆಯಿಂದ ಜಾರದೆ ಓಡಬೇಕು.

ಕಾನೂನು: 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ಆಟಿಕೆಗೆ 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯ. ಬಣ್ಣದಲ್ಲಿನ ಸೀಸ, ಚೂಪಾದ ಅಂಚು, ಕಳಚುವ ಸಣ್ಣ ಭಾಗ ಇವೆಲ್ಲ ಐ.ಎಸ್. 9873 ಮಾನಕದ ಪರೀಕ್ಷೆಗೆ ಒಳಪಡುತ್ತವೆ. ಭೌಗೋಳಿಕ ಸೂಚಕದ ನೋಂದಾಯಿತ ಬಳಕೆದಾರರ ಉತ್ಪನ್ನಗಳಿಗೆ ವಿನಾಯಿತಿ ಇದೆ. ಆದರೆ ಅಚ್ಚೆರಕದ ಆಟಿಕೆಗೆ ಆ ಆಶ್ರಯ ದೊರೆಯದು. ಮಾದರಿಯು ಮಕ್ಕಳ ಆಟಕ್ಕೋ, ವಯಸ್ಕ ಸಂಗ್ರಾಹಕರಿಗೋ ಎಂಬುದನ್ನು ಆದೇಶಪತ್ರದಲ್ಲೇ ಬರೆಸಿಕೊಳ್ಳುವುದು ಉಚಿತ.

ದರ: ಉದಾಹರಣೆಗೆ, ಅಚ್ಚಿನ ಖರ್ಚು 6 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, 10,000 ಮಾದರಿಗಳ ಆದೇಶದಲ್ಲಿ ಪ್ರತಿಯೊಂದಕ್ಕೆ 60 ರೂಪಾಯಿ ಬೀಳುತ್ತದೆ, 2,000ಕ್ಕೆ ಇಳಿದರೆ ಅದೇ 300 ರೂಪಾಯಿಯಾಗುತ್ತದೆ. ಅಚ್ಚು ಕೊರೆದ ಮೇಲೆ ತಪ್ಪು ಕಂಡರೆ ತಿದ್ದುವ ವೆಚ್ಚ ಬೇರೆ. ಆದ್ದರಿಂದ ಅಳತೆ, ಎರಕ, ಚಲನೆ, ಕಾನೂನು ಈ ನಾಲ್ಕನ್ನು ಪರೀಕ್ಷಿಸಿ, ಆದೇಶದ ಸಂಖ್ಯೆಯನ್ನು ಖಚಿತಪಡಿಸಿಕೊಂಡ ನಂತರವೇ ದರಪತ್ರಕ್ಕೆ ಸಹಿ ಹಾಕುವುದು ಕ್ಷೇಮಕರ.