ಟೆಸ್ಟಿಂಗ್ ಕೆಲಸಕ್ಕೆ ಬೆಂಗಳೂರು ಬಸ್ ಹತ್ತುವ ಮುನ್ನ
ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪದವೀಧರರಿಗೆ ಹಂತ ಹಂತದ ಮಾರ್ಗದರ್ಶಿ

ಬ್ಯಾಡಗಿ ಎಪಿಎಂಸಿಯಲ್ಲಿ ಟೆಂಡರ್ ದಿನ ಒಂದು ಸುತ್ತು ಹಾಕಿದವರಿಗೆ ಈ ನೋಟ ಹೊಸದಲ್ಲ. ಖರೀದಿಗೆ ಬಂದವರು ಚೀಲದ ಬಾಯಲ್ಲಿ ಕಾಣುವ ಮೆಣಸಿನಕಾಯಿ ನೋಡಿ ದರ ಬರೆಯುವುದಿಲ್ಲ. ಒಳಗೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾರೆ. ಒಂದು ಕಾಯಿ ಮುರಿದು ಬೀಜ ನೋಡುತ್ತಾರೆ, ಇನ್ನೊಂದನ್ನು ಬಾಗಿಸುತ್ತಾರೆ. ‘ಮ್ಯಾಲ ಒಣಗೇತಿ, ಒಳಗ ಇನ್ನೂ ಹಸಿ ಐತ್ರಿ’ ಎಂದು ಹೇಳಿ ಮುಂದಿನ ಚೀಲಕ್ಕೆ ಹೋಗುತ್ತಾರೆ.

ಸಾಫ್ಟ್‌ವೇರ್ ಟೆಸ್ಟರ್‌ನ ಕೆಲಸವೂ ಇದೇ. ಆ್ಯಪ್ ತೆರೆದುಕೊಂಡಿತು, ಬಣ್ಣ ಚೆನ್ನಾಗಿದೆ ಎಂದು ಒಪ್ಪಿಕೊಳ್ಳದೆ ಒಳಗೆ ಕೈ ಹಾಕಿ ನೋಡಬೇಕು. ನೋಡಿದ್ದನ್ನು ಇನ್ನೊಬ್ಬರಿಗೆ ಅನುಮಾನ ಉಳಿಯದಂತೆ ಬರೆದು ಕೊಡಬೇಕು. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ತರಳಬಾಳು ಜಗದ್ಗುರು ತಾಂತ್ರಿಕ ಕಾಲೇಜು, ಊರೂರಿನ ಬಿಸಿಎ, ಬಿಎಸ್ಸಿ, ಡಿಪ್ಲೊಮಾ ತರಗತಿಗಳಿಂದ ಹೊರಬರುವವರಿಗೆ ಐಟಿ ಕ್ಷೇತ್ರದೊಳಗೆ ಕಾಲಿಡಲು ಇದೊಂದು ನಿಜವಾದ ದಾರಿ. ಆದರೆ ಇದು ಸುಲಭದ ಅಡ್ಡದಾರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 1: ‘ಕಾಂಟ್ರ್ಯಾಕ್ಟ್’ ಪದದ ಎರಡು ಅರ್ಥ ತಿಳಿಯಿರಿ

ಮೊದಲ ಅರ್ಥ ನೌಕರಿಯದ್ದು. ನೀವು ಕೂತು ಕೆಲಸ ಮಾಡುವುದು ಒಂದು ಕಂಪನಿಯಲ್ಲಿ, ಸಂಬಳ ಬರುವುದು ಇನ್ನೊಂದು ಏಜೆನ್ಸಿಯ ಪೇರೋಲ್‌ನಿಂದ. ಅವಧಿ ಸಾಮಾನ್ಯವಾಗಿ 3, 6 ಅಥವಾ 12 ತಿಂಗಳು. ಕೆಲಸ ಹಿಡಿಸಿದರೆ ಮುಂದೆ ಕಾಯಂ ಮಾಡಿಕೊಳ್ಳುವ ‘ಕಾಂಟ್ರ್ಯಾಕ್ಟ್ ಟು ಹೈರ್’ ಎಂಬ ಬಗೆಯೂ ಇದೆ.

ಎರಡನೆಯದು ತಾಂತ್ರಿಕ ಅರ್ಥ. ಎರಡು ಪ್ರೋಗ್ರಾಂಗಳು ಪರಸ್ಪರ ಮಾಹಿತಿ ಕಳಿಸುವಾಗ ಅದರ ರೂಪ ಹೇಗಿರಬೇಕು ಎಂದು ಮಾಡಿಕೊಂಡ ಒಪ್ಪಂದವೂ ‘ಕಾಂಟ್ರ್ಯಾಕ್ಟ್’. ಹರಾಜಿನ ಪ್ರೋಗ್ರಾಂ ದರವನ್ನು ಅಂಕಿಯಲ್ಲಿ ಕಳಿಸುತ್ತಿರುತ್ತದೆ, ರೈತನ ಮೊಬೈಲಿಗೆ ಸಂದೇಶ ಕಳಿಸುವ ಪ್ರೋಗ್ರಾಂ ಅದನ್ನು ಅಂಕಿಯೆಂದೇ ಓದುತ್ತಿರುತ್ತದೆ ಎನ್ನಿ. ಒಂದು ದಿನ ಮೊದಲನೆಯದು ಅಂಕಿಯ ಜೊತೆ ‘ರೂ.’ ಸೇರಿಸಿತು, ಸಂದೇಶ ನಿಂತುಹೋಯಿತು. ಇಂಥ ಒಪ್ಪಂದ ಮುರಿದಿದೆಯೇ ಎಂದು ಮೊದಲೇ ಪರೀಕ್ಷಿಸುವುದು ಕಾಂಟ್ರ್ಯಾಕ್ಟ್ ಟೆಸ್ಟಿಂಗ್. ಇದಕ್ಕೆ ‘ಪ್ಯಾಕ್ಟ್’ ಎಂಬ ಉಚಿತ ಉಪಕರಣ ಬಳಕೆಯಲ್ಲಿದೆ. ಜಾಹೀರಾತಿನಲ್ಲಿರುವುದು ಯಾವ ಅರ್ಥ ಎಂದು ನೋಡಿಕೊಂಡೇ ಅರ್ಜಿ ಹಾಕಿ.

ಹಂತ 2: ಯಾವ ಕೆಲಸ ನಿಮಗೆ?

* ಮ್ಯಾನುಯಲ್ ಟೆಸ್ಟರ್: ಆ್ಯಪ್ ಅಥವಾ ವೆಬ್‌ಸೈಟನ್ನು ಬಳಕೆದಾರನಂತೆ ಬಳಸಿ ದೋಷ ಹುಡುಕುವುದು.
* ಆಟೊಮೇಷನ್ ಟೆಸ್ಟರ್: ಅದೇ ಪರೀಕ್ಷೆಯನ್ನು ಕಂಪ್ಯೂಟರ್ ತಾನೇ ಮಾಡುವಂತೆ ಕೋಡ್ ಬರೆಯುವುದು.
* ಯುಎಟಿ ಸಪೋರ್ಟ್: ಬ್ಯಾಂಕು, ಆಸ್ಪತ್ರೆ ಸಿಬ್ಬಂದಿ ಹೊಸ ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ಮುನ್ನ ಅವರ ಜೊತೆ ಕೂತು ಪರೀಕ್ಷಿಸುವುದು. ಲೆಕ್ಕಪತ್ರ ಬಲ್ಲ ಬಿಕಾಂ ಪದವೀಧರರಿಗೂ ಇಲ್ಲಿ ಜಾಗವಿದೆ.
* ಅಪ್ಲಿಕೇಷನ್ ಸಪೋರ್ಟ್: ಬಂದ ದೂರು ದಾಖಲಿಸಿ, ಅದೇ ದೋಷವನ್ನು ಮತ್ತೆ ಮಾಡಿ ತೋರಿಸಿ, ಸಂಬಂಧಪಟ್ಟ ತಂಡಕ್ಕೆ ದಾಟಿಸುವುದು. ರಾತ್ರಿ ಪಾಳಿ ಇರಬಹುದು.
* ಭಾಷಾ ಪರೀಕ್ಷೆ: ಕನ್ನಡ ಅವತರಣಿಕೆ ಸರಿಯಿದೆಯೇ ಎಂದು ನೋಡುವುದು.

ಬರೀ ಕ್ಲಿಕ್ ಮಾಡಿ ನೋಡುವ ಕೆಲಸ ಕಡಿಮೆಯಾಗುತ್ತಿದೆ. ಏನನ್ನು ಹೇಗೆ ಪರೀಕ್ಷಿಸಬೇಕು ಎಂಬ ಟೆಸ್ಟ್ ಕೇಸ್‌ಗಳನ್ನು ಎಐ ಉಪಕರಣಗಳೂ ಬರೆದುಕೊಡುತ್ತವೆ. ಅದಕ್ಕೇ ಮ್ಯಾನುಯಲ್‌ನಿಂದ ಶುರು ಮಾಡಿದರೂ ಅಲ್ಲೇ ನಿಲ್ಲಬೇಡಿ.

ಹಂತ 3: ಮೂರು ತಿಂಗಳ ಕಲಿಕೆ

ಮೊದಲ ತಿಂಗಳು ತಳಪಾಯ. ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಪ್ರೊ. ರಾಜೀಬ್ ಮಾಲ್ ಮತ್ತು ಬೆಂಗಳೂರಿನ ಐಐಐಟಿಯ ಪ್ರೊ. ಮೀನಾಕ್ಷಿ ಡಿಸೋಜಾ ಅವರ ಸಾಫ್ಟ್‌ವೇರ್ ಟೆಸ್ಟಿಂಗ್ ಪಾಠಗಳಿವೆ. ನೋಡಲು ಹಣ ಕೊಡಬೇಕಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಟೆಸ್ಟರ್‌ಗಳ ಪ್ರಮಾಣಪತ್ರವಾದ ಐಎಸ್‌ಟಿಕ್ಯೂಬಿ ಫೌಂಡೇಷನ್‌ನ ಪಠ್ಯಕ್ರಮವನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು. ಆ ಪರೀಕ್ಷೆಯಲ್ಲಿ 40 ಪ್ರಶ್ನೆ, 60 ನಿಮಿಷ, ಪಾಸಾಗಲು 26 ಅಂಕ. ಪ್ರಮಾಣಪತ್ರವಿದ್ದರೆ ಅನುಕೂಲ, ಆದರೆ ಅದೊಂದೇ ಕೆಲಸ ಕೊಡಿಸುವುದಿಲ್ಲ. ಸಾಲ ಮಾಡಿ ಪರೀಕ್ಷೆ ಕಟ್ಟಬೇಡಿ.

ಎರಡನೇ ತಿಂಗಳು ಎಸ್‌ಕ್ಯೂಎಲ್ ಮತ್ತು ಎಪಿಐ. ಪರದೆಯಲ್ಲಿ ಕಂಡ ದರವೇ ಡೇಟಾಬೇಸ್‌ನಲ್ಲೂ ಇದೆಯೇ ಎಂದು ನೋಡಲು ಎಸ್‌ಕ್ಯೂಎಲ್ ಬೇಕು. ಪ್ರೋಗ್ರಾಂಗಳು ಪರಸ್ಪರ ಮಾಹಿತಿ ಕಳಿಸುವ ದಾರಿಯೇ ಎಪಿಐ, ಅದರ ಪರೀಕ್ಷೆಗೆ ಬೆಂಗಳೂರಿನಲ್ಲೇ ಹುಟ್ಟಿದ ‘ಪೋಸ್ಟ್‌ಮನ್’ ಕಲಿಯಿರಿ.

ಮೂರನೇ ತಿಂಗಳು ಜಾವಾ ಅಥವಾ ಪೈಥಾನ್ ಎರಡರಲ್ಲಿ ಒಂದು. ಅದರ ಜೊತೆ 2004ರಲ್ಲಿ ಶುರುವಾಗಿ ಇಂದಿಗೂ ಬಳಕೆಯಲ್ಲಿರುವ ಆಟೊಮೇಷನ್ ಉಪಕರಣ ಸೆಲೆನಿಯಂ ಅಥವಾ ಈಚಿನ ಪ್ಲೇರೈಟ್. ಎರಡನ್ನೂ ಅರ್ಧರ್ಧ ಕಲಿಯುವುದಕ್ಕಿಂತ ಒಂದನ್ನು ಪೂರ್ತಿ ಕಲಿಯುವುದು ಮೇಲು.

ಕಲಿಯುವ ಅವಧಿಯ ಖರ್ಚಿಗೆ ರಾಜ್ಯದ ‘ಯುವನಿಧಿ’ ಅರ್ಹತೆ ನಿಮಗಿದೆಯೇ ನೋಡಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ನೀಡುವ ಯೋಜನೆಯಿದು.

ಹಂತ 4: ದೋಷ ವರದಿ ಬರೆಯುವುದನ್ನು ರೂಢಿಸಿಕೊಳ್ಳಿ

ಈ ವೃತ್ತಿಯಲ್ಲಿ ಬರೆದದ್ದೇ ಬಂಡವಾಳ. ಅಭ್ಯಾಸಕ್ಕಾಗಿ ಮೆಣಸಿನಕಾಯಿ ಲಾಟ್‌ಗೆ ದರ ನಮೂದಿಸುವ ಪುಟವೊಂದನ್ನು ಊಹಿಸಿಕೊಳ್ಳಿ. ಕ್ವಿಂಟಲ್‌ಗೆ 1ರಿಂದ 99,999 ರೂಪಾಯಿವರೆಗೆ ಬರೆಯಬಹುದು ಎಂಬುದು ನಿಯಮ. ಮಧ್ಯದ ನೂರು ಅಂಕಿ ಹಾಕಿ ನೋಡಿದರೆ ಪ್ರಯೋಜನ ಕಡಿಮೆ. ದೋಷ ಅಡಗುವುದು ಗಡಿಯಲ್ಲಿ. 0, 1, 99,999, 1,00,000 ಹಾಕಿ ನೋಡಿ. ಖಾಲಿ ಬಿಟ್ಟು ನೋಡಿ, ಕನ್ನಡ ಅಂಕಿ ಹಾಕಿ ನೋಡಿ.

‘ದರ ತಗೊಳ್ತಿಲ್ಲ’ ಎಂದಷ್ಟೇ ಬರೆದರೆ ಅದು ವರದಿಯಲ್ಲ, ದೂರು. ವರದಿ ಹೀಗಿರಲಿ:

ಶೀರ್ಷಿಕೆ: ಕನ್ನಡ ಅಂಕಿಯಲ್ಲಿ ಬರೆದ ದರ ಸೊನ್ನೆಯಾಗಿ ಉಳಿಯುತ್ತದೆ
ಸಾಧನ: ಫೋನಿನ ಮಾದರಿ, ಆಂಡ್ರಾಯ್ಡ್ ಮತ್ತು ಆ್ಯಪ್ ಆವೃತ್ತಿ
ಹೆಜ್ಜೆಗಳು: 1. ಲಾಟ್ ಆಯ್ಕೆ ಮಾಡಿ. 2. ದರದ ಜಾಗದಲ್ಲಿ ೨೫೦೦೦ ಎಂದು ಬರೆಯಿರಿ. 3. ‘ಸಲ್ಲಿಸಿ’ ಒತ್ತಿ.
ಆಗಬೇಕಾದದ್ದು: 25,000 ಎಂದು ದಾಖಲಾಗಬೇಕು, ಇಲ್ಲವೇ ‘ಇಂಗ್ಲಿಷ್ ಅಂಕಿ ಬಳಸಿ’ ಎಂಬ ಸೂಚನೆ ಬರಬೇಕು.
ಆದದ್ದು: ‘ಯಶಸ್ವಿ’ ಎಂದು ತೋರಿಸಿ 0 ದಾಖಲಾಗಿದೆ.
ಎಷ್ಟು ಸಲ: 5ಕ್ಕೆ 5 ಸಲ.
ಲಗತ್ತು: ಪರದೆಯ ಚಿತ್ರ.

ಓದಿದವರು ನಿಮಗೆ ಫೋನ್ ಮಾಡದೆಯೇ ಅದೇ ದೋಷವನ್ನು ತಮ್ಮ ಮೇಜಿನ ಮೇಲೆ ಕಾಣುವಂತಿದ್ದರೆ ವರದಿ ಗೆದ್ದಿತು. ಇಂಥ 20 ವರದಿಗಳನ್ನು ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ಬಿಚ್ಚಿಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹಂತ 5: ಕನ್ನಡವನ್ನು ಕೌಶಲವಾಗಿ ತೋರಿಸಿ

ಇಂಗ್ಲಿಷ್ ಬರವಣಿಗೆ ಕಲಿಯಲೇಬೇಕು, ಏಕೆಂದರೆ ವರದಿಗಳು ಹೋಗುವುದು ಇಂಗ್ಲಿಷಿನಲ್ಲಿ. ಆದರೆ ಕನ್ನಡ ಬಲ್ಲವರಿಗಷ್ಟೇ ಕಾಣುವ ದೋಷಗಳಿವೆ. ಒತ್ತಕ್ಷರದ ತಳ ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗುವುದು, ‘ರ್ಕ’ದ ಅರ್ಕಾವತ್ತು ಜಾಗ ತಪ್ಪುವುದು, ಹಳೆಯ ನುಡಿ ಫಾಂಟ್‌ನ ಕಡತ ಯೂನಿಕೋಡ್ ಪುಟದಲ್ಲಿ ಗೀಚಿದಂತೆ ಕಾಣುವುದು. ನಮ್ಮೂರ ಹೆಸರನ್ನೇ ನೋಡಿ. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಎಂದು ಜನ ಮೂರು ರೀತಿ ಬರೆಯುತ್ತಾರೆ. ಮೂರಕ್ಕೂ ಒಂದೇ ಊರು ಸಿಗುತ್ತದೆಯೇ ಎಂದು ಕೇಳುವುದೇ ಒಂದು ಟೆಸ್ಟ್ ಕೇಸ್, ಅದು ಹೊಳೆಯುವುದು ನಿಮಗೇ.

ಹಂತ 6: ಕೆಲಸಕ್ಕೆ ಮೊದಲೇ ಅನುಭವ

ಮೊಜಿಲ್ಲಾದ ಬಗ್‌ಜಿಲ್ಲಾ, ವಿಕಿಮೀಡಿಯಾದ ಫ್ಯಾಬ್ರಿಕೇಟರ್ ತಾಣಗಳಲ್ಲಿ ಯಾರು ಬೇಕಾದರೂ ದೋಷ ವರದಿ ಸಲ್ಲಿಸಬಹುದು. ಯುಟೆಸ್ಟ್‌ನಂಥ ವೇದಿಕೆಗಳು ಒಪ್ಪಿಕೊಂಡ ದೋಷಕ್ಕೆ ಹಣ ಕೊಡುತ್ತವೆ, ಆದರೆ ಅದನ್ನು ತಿಂಗಳ ಸಂಬಳವೆಂದು ನೆಚ್ಚಬೇಡಿ. ನಿಮ್ಮ ಕಾಲೇಜಿನ ವೆಬ್‌ಸೈಟನ್ನು ಅನುಮತಿ ಪಡೆದು ಪರೀಕ್ಷಿಸಿ. ಅನುಮತಿಯಿಲ್ಲದೆ ಬ್ಯಾಂಕು, ಸರ್ಕಾರಿ ತಾಣಗಳ ಭದ್ರತೆಯನ್ನು ಕೆದಕುವುದು ಅಪರಾಧ.

ಹಂತ 7: ಒಪ್ಪಂದದ ಕಾಗದವನ್ನೂ ಪರೀಕ್ಷಿಸಿ

ಬೆಂಗಳೂರಿನ ಬಸ್ ಹತ್ತುವ ಮೊದಲು, ಇನ್ಫೊಸಿಸ್ ಕ್ಯಾಂಪಸ್ ಮತ್ತು ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್) ಕೇಂದ್ರವಿರುವ ಹುಬ್ಬಳ್ಳಿಯಲ್ಲೂ ವಿಚಾರಿಸಿ. ಎಲ್ಲೇ ಆಗಲಿ, ಸಹಿ ಹಾಕುವ ಮುನ್ನ ಇವನ್ನು ಬರವಣಿಗೆಯಲ್ಲೇ ಕೇಳಿ:

* ಸಂಬಳ ಕೊಡುವ ಕಂಪನಿ ಯಾವುದು? ಅವಧಿ ಎಷ್ಟು? ನಡುವೆ ಪ್ರಾಜೆಕ್ಟ್ ನಿಂತರೆ ಸಂಬಳ ನಿಲ್ಲುತ್ತದೆಯೇ?
* ಪಿಎಫ್ ಇದೆಯೇ? ಉದ್ಯೋಗಿಯ ಪಾಲು ಶೇ 12. ಯುಎಎನ್ ಎಂಬ ಪಿಎಫ್ ಸಂಖ್ಯೆ ಒಂದೇ ಇರಬೇಕು, ಕಂಪನಿ ಬದಲಾದರೂ ಅದನ್ನೇ ಕೊಡಿ.
* ಹೇಳಿದ ಸಿಟಿಸಿಯಲ್ಲಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ವೆಚ್ಚ) ಕೈಗೆ ಬರುವುದೆಷ್ಟು? ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಲೆಕ್ಕ ಹಾಕಿ.
* ಬಾಂಡ್ ಇದೆಯೇ? ಮೂಲ ಅಂಕಪಟ್ಟಿ ಕೇಳುತ್ತಾರೆಯೇ? ಪರಿಶೀಲನೆಗೆ ತೋರಿಸಿ, ಒಪ್ಪಿಸಿ ಬರಬೇಡಿ.
* ನೋಟಿಸ್ ಅವಧಿ, ರಜೆ, ಆರೋಗ್ಯ ವಿಮೆ ಹೇಗೆ?

‘ಇಷ್ಟು ಲಕ್ಷ ಕೊಡಿ, ಅನುಭವ ಪತ್ರದ ಸಮೇತ ಕೆಲಸ ಕೊಡಿಸ್ತೀವಿ’ ಎನ್ನುವವರು ಊರಿಗೂ ಬರುತ್ತಾರೆ. ಸುಳ್ಳು ಅನುಭವ ಪಿಎಫ್ ದಾಖಲೆಯ ಮುಂದೆ ನಿಲ್ಲುವುದಿಲ್ಲ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಅಪ್ಪ ಹೊಲ ಅಡವಿಟ್ಟ ಹಣ ತಿರುಗಿ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಂದೇ ಮಾಡಬಹುದಾದದ್ದು

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಫೋನಿನಲ್ಲಿ ದಿನಾ ಬಳಸುವ ಒಂದು ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಒಂದೊಂದೇ ಪುಟ ತೆರೆಯುತ್ತ ಹೋಗಿ. ಅರ್ಧ ಗಂಟೆಯಲ್ಲಿ ಎಲ್ಲೋ ಒಂದು ಕಡೆ ಅಕ್ಷರ ಕತ್ತರಿಸಿರುತ್ತದೆ, ಇಲ್ಲವೇ ಅರ್ಥ ಕೆಟ್ಟಿರುತ್ತದೆ. ಮೇಲಿನ ನಮೂನೆಯಲ್ಲಿ ಅದನ್ನು ಬರೆದು ಗೆಳೆಯನ ಕೈಗೆ ಕೊಡಿ. ನೀವು ಬಾಯಿ ಬಿಡದೆಯೇ ಅವನಿಗೂ ಅದೇ ದೋಷ ಸಿಕ್ಕರೆ, ನಿಮ್ಮ 20 ವರದಿಗಳಲ್ಲಿ ಮೊದಲನೆಯದು ಸಿದ್ಧವಾಯಿತು.