ಎರಡು ಮೆಡಿಕಲ್ ಸೀಟು: ದೇವರ ಚಿತ್ತ ಯಾವುದು?

ಎಲ್ಲರೂ ಕೂತ್ಕೊಳ್ಳಿ. ಆದಿಕಾಂಡ 13ನೇ ಅಧ್ಯಾಯ ತೆಗೀರಿ, ಇನ್ನೊಂದು ಬೆರಳು ಅಪೊಸ್ತಲರ ಕೃತ್ಯಗಳು 15ರಲ್ಲಿ ಇಟ್ಕೊಳ್ಳಿ. ಫೋನಲ್ಲಿ ಓದೋರು ಮೊದಲು ವಾಟ್ಸಾಪ್ ಮುಚ್ಚಿ.

ನೀಟ್ ರಿಸಲ್ಟ್ ಬಂದು ಕೌನ್ಸೆಲಿಂಗ್ ಶುರುವಾಯ್ತು ಅಂದ್ರೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಬ್ರದರ್, ನನ್ನ ರ‍್ಯಾಂಕಿಗೆ ಎರಡು ಕಾಲೇಜು ಸಿಗೋ ಹಾಗಿದೆ. ಒಂದು ದೂರದ ಜಿಲ್ಲೆಯ ಸರ್ಕಾರಿ ಕಾಲೇಜು. ಇನ್ನೊಂದು ಇಲ್ಲೇ ಬೆಂಗಳೂರಲ್ಲಿ, ಖಾಸಗಿ. ದೇವರ ಚಿತ್ತ ಯಾವುದು? ಪ್ರಾರ್ಥನೆ ಮಾಡಿ ಹೇಳಿ." ಪ್ರಾರ್ಥನೆ ಖಂಡಿತ ಮಾಡ್ತೀವಿ. ಆದರೆ ನಿಮ್ಮ ಬದಲಿಗೆ ನಾವು ಆರಿಸೋದಿಲ್ಲ. ಯಾಕೆ ಅಂತ ಇವತ್ತು ದೇವರ ವಾಕ್ಯದಿಂದ ನೋಡೋಣ. ಡಾಕ್ಟರ್ ಆಗದೇ ಇರೋರೂ ಕೇಳಿ. ಎರಡು ಜಾಬ್ ಆಫರ್ ಬಂದಾಗಲೂ ಪಾಠ ಇದೇ.

1. ಲೋಟನು ನೋಡಿದ್ದು ಒಂದೇ ಒಂದು

ಅಬ್ರಾಮನ ದನಕಾಯೋರಿಗೂ ಲೋಟನ ದನಕಾಯೋರಿಗೂ ಜಗಳ ಆಯ್ತು. ದೊಡ್ಡವನಾದ ಅಬ್ರಾಮನೇ ತಗ್ಗಿ, ನೀನೇ ಮೊದಲು ಆರಿಸ್ಕೋ ಅಂದ. ಲೋಟ ಕಣ್ಣೆತ್ತಿ ನೋಡಿದ. ಯೊರ್ದನ್ ಹೊಳೆಯ ಸುತ್ತ ಎಲ್ಲೆಲ್ಲೂ ನೀರು, ಹಸಿರು. ಅಷ್ಟೇ ಸಾಕಾಯ್ತು, ಹೊರಟ. ನೀರು ನೋಡಿದ್ದು ತಪ್ಪಲ್ಲ. ದನ ಸಾಕೋನಿಗೆ ನೀರು ಬೇಕೇ ಬೇಕು. ಆದರೆ ಅಕ್ಕಪಕ್ಕ ಸೊದೋಮಿನ ಜನ ಹೇಗಿದ್ದಾರೆ ಅಂತ ಅವನು ವಿಚಾರಿಸಲೇ ಇಲ್ಲ.

ನಾವೂ ಹಾಗೇ ಮಾಡ್ತೀವಿ. ಒಬ್ಬರು ಕಾಲೇಜಿನ ಗಾಜಿನ ಕಟ್ಟಡ ನೋಡ್ತಾರೆ. ಒಬ್ಬರು ಹೆಸರು ನೋಡ್ತಾರೆ, ನೆಂಟರ ಮುಂದೆ ಹೇಳ್ಕೊಳ್ಳೋಕೆ. ಇನ್ನೊಬ್ಬರು ಮನೆಗೆ ಹತ್ತಿರ ಅನ್ನೋದನ್ನು ಮಾತ್ರ ನೋಡ್ತಾರೆ. ಎಂಬಿಬಿಎಸ್ ಅಂದ್ರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಐದೂವರೆ ವರ್ಷ ಬದುಕೋ ಜಾಗವನ್ನು ಒಂದೇ ಕಾರಣಕ್ಕೆ ಆರಿಸಬೇಡಿ.

ಹಾಗಾದ್ರೆ ಏನು ನೋಡಬೇಕು? ಮೊದಲು ವಾರ್ಡ್ ನೋಡಿ. ವೈದ್ಯವಿದ್ಯೆ ಕಲಿಯೋದು ರೋಗಿಯ ಹಾಸಿಗೆ ಪಕ್ಕ. ಆಸ್ಪತ್ರೆಯಲ್ಲಿ ರೋಗಿಗಳು ನಿಜವಾಗಲೂ ಇದ್ದಾರಾ? ಹೆರಿಗೆ, ಹಾವು ಕಡಿತ, ಅಪಘಾತ ಎಲ್ಲ ಬರುತ್ತಾ? ವಿದ್ಯಾರ್ಥಿಗಳನ್ನು ಹತ್ತಿರ ಬಿಡ್ತಾರಾ? ಒಂದು ಬೆಳಗ್ಗೆ ಓಪಿಡಿ ಟೈಮಲ್ಲಿ ಹೋಗಿ ನಿಂತ್ಕೊಂಡು ನೋಡಿ. ಅಲ್ಲಿನ ಇಂಟರ್ನ್ ಅಕ್ಕಂದಿರನ್ನು, ಅಣ್ಣಂದಿರನ್ನು ಕೇಳಿ. ಸ್ಟೈಪೆಂಡ್ ಕೈಗೆ ಬರ್ತಾ ಇದೆಯಾ, ಹಾಸ್ಟೆಲ್ ಹೇಗಿದೆ, ರ‍್ಯಾಗಿಂಗ್ ಇದೆಯಾ, ಎಲ್ಲ ಅವರಿಗೆ ಗೊತ್ತಿರುತ್ತೆ. ಬ್ರೋಷರಲ್ಲಿ ಅದು ಬರೆದಿರೋದಿಲ್ಲ.

ಇನ್ನೊಂದು ಭಯ ತೆಗೆದುಹಾಕ್ತೀನಿ. "ಸಣ್ಣ ಊರಿನ ಕಾಲೇಜಾದ್ರೆ ನನ್ನ ಡಿಗ್ರಿಗೆ ಬೆಲೆ ಇರಲ್ಲ" ಅಂತ ಕೆಲವರು ಅಳ್ತಾರೆ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬೆಂಗಳೂರಿನ ಕಾಲೇಜುಗಳೂ ಇವೆ, ರಾಯಚೂರು, ಬೀದರ್, ಕಾರವಾರದ ಸರ್ಕಾರಿ ಕಾಲೇಜುಗಳೂ ಇವೆ. ವಿಶ್ವವಿದ್ಯಾಲಯದ ಪರೀಕ್ಷೆ ಒಂದೇ. ಮುಂದೆ ಪಿಜಿ ಸೀಟಿಗೆ ನೀಟ್ ಪಿಜಿ ಬರೀಬೇಕು. ಅಲ್ಲಿ ನಿಮ್ಮ ರ‍್ಯಾಂಕ್ ನೋಡ್ತಾರೆ, ಕಾಲೇಜಿನ ಗೇಟ್ ನೋಡೋದಿಲ್ಲ. ಆಮೆನ್?

2. ಕೂತು ಲೆಕ್ಕ ಹಾಕಿ

ಲೂಕ 14ರಲ್ಲಿ ಗೋಪುರ ಕಟ್ಟೋನ ಬಗ್ಗೆ ಯೇಸು ಸ್ವಾಮಿ ಹೇಳಿದ್ದು ನೆನಪಿದೆಯಾ? ಕಟ್ಟೋಕೆ ಮುಂಚೆ ಅವನು ಕೂತು ಲೆಕ್ಕ ಹಾಕಬೇಕು. ಸ್ವಾಮಿ ಅದನ್ನು ಶಿಷ್ಯತ್ವದ ಬಗ್ಗೆ ಹೇಳಿದರು, ನಿಜ. ಆದರೆ ಲೆಕ್ಕ ಹಾಕದೇ ಗೋಪುರ ಕಟ್ಟೋನು ಬುದ್ಧಿವಂತ ಅಂತ ಯಾರೂ ಅನ್ನಲ್ಲ ಅನ್ನೋದು ಅವರಿಗೂ ಗೊತ್ತಿತ್ತು. ಲೆಕ್ಕ ಹಾಕೋದು ಅವಿಶ್ವಾಸ ಅಲ್ಲ.

ಖಾಸಗಿ ಸೀಟಿಗೆ ವರ್ಷಕ್ಕೆ 12 ಲಕ್ಷ ಅಂತ ಇಟ್ಕೊಳ್ಳಿ. ನಾಲ್ಕೂವರೆ ವರ್ಷಕ್ಕೆ 54 ಲಕ್ಷ. ಹಾಸ್ಟೆಲ್, ಮೆಸ್, ಪುಸ್ತಕ ಬೇರೆ. ಸಾಲ ತಗೊಂಡ್ರೆ ಓದೋವಾಗ ಕಂತು ಕಟ್ಟಬೇಕಾಗಿಲ್ಲ ಅಂದ್ರೂ ಬಡ್ಡಿ ನಿಲ್ಲೋದಿಲ್ಲ, ಓಡ್ತಾನೇ ಇರುತ್ತೆ. ಅಪ್ಪನ ರಿಟೈರ್‌ಮೆಂಟ್ ಯಾವಾಗ? ತಂಗಿ ಓದಿಗೆ ಏನು ಉಳಿಯುತ್ತೆ? ಮನೆ ಪತ್ರ ಬ್ಯಾಂಕಲ್ಲಿ ಇಡೋಕೆ ಅಮ್ಮ ಮನಸ್ಸಾರೆ ಒಪ್ಪಿದ್ದಾರಾ, ಇಲ್ಲ ನಿಮ್ಮ ಮುಖ ನೋಡಿ ಸುಮ್ಮನಿದ್ದಾರಾ? ಕೇಳಿ. "ದೇವರು ಒದಗಿಸ್ತಾರೆ" ಅಂತ ನಾವು ಹಾಡ್ತೀವಿ, ನಂಬ್ತೀವಿ. ಕಡಿಮೆ ಫೀಸಿನ ಸರ್ಕಾರಿ ಸೀಟೇ ಆ ಒದಗಿಸುವಿಕೆ ಆಗಿರಬಹುದಲ್ವಾ? ಎಷ್ಟೋ ಸಲ ದೇವರು ಕೊಟ್ಟ ಉತ್ತರ ನಮ್ಮ ಕೈಯಲ್ಲೇ ಇರುತ್ತೆ, ಅದು ನಮಗೆ ಇಷ್ಟ ಇಲ್ಲ ಅಷ್ಟೇ.

ಇನ್ನೊಂದು ವಿಷಯ. ದೊಡ್ಡ ಸಾಲ ಇರೋ ಡಾಕ್ಟರ್ ಬಡವರ ಮಧ್ಯೆ ಕೆಲಸ ಮಾಡ್ತೀನಿ ಅಂದ್ರೂ ತಿಂಗಳ ಕಂತು ಸುಲಭವಾಗಿ ಬಿಡೋದಿಲ್ಲ. ಮಿಷನ್ ಆಸ್ಪತ್ರೆಗೆ ಹೋಗಬೇಕು ಅನ್ನೋ ಭಾರ ನಿಮಗಿದ್ರೆ ಫೀಸಿನ ಲೆಕ್ಕವೂ ಆತ್ಮೀಕ ಲೆಕ್ಕವೇ. ಹಾಗೇ ಕಡ್ಡಾಯ ಸೇವೆ, ಬಾಂಡ್ ನಿಯಮಗಳನ್ನು ಓದಿ. ನಮ್ಮ ರಾಜ್ಯದಲ್ಲಿ 2012ರ ಕಾನೂನು ಇದೆ, ತಿದ್ದುಪಡಿಯೂ ಆಗಿದೆ. ನಿಮ್ಮ ಬ್ಯಾಚಿಗೆ, ನಿಮ್ಮ ಸೀಟಿಗೆ ಯಾವುದು ಅನ್ವಯ ಅಂತ ಸಹಿ ಹಾಕೋ ಮುಂಚೆ ತಿಳ್ಕೊಳ್ಳಿ.

3. ಚೀಟಿ ಹಾಕೋ ಕಾಲ ಮುಗೀತು

ಈಗ ನಮ್ಮ ಪೆಂತೆಕೊಸ್ತರ ವಿಷಯಕ್ಕೆ ಬರ್ತೀನಿ. ಸ್ವಲ್ಪ ಗಮನ ಇಟ್ಟು ಕೇಳಿ. ಕೆಲವರು ಎರಡು ಕಾಲೇಜಿನ ಹೆಸರು ಬರೆದು ಬೈಬಲ್ ಒಳಗೆ ಚೀಟಿ ಇಡ್ತಾರೆ. ಕೆಲವರು ಪ್ರವಾದನೆ ಹೇಳೋರನ್ನು ಹುಡುಕ್ಕೊಂಡು ಮೂರು ಸಭೆ ಸುತ್ತುತ್ತಾರೆ, ಇಷ್ಟವಾದ ಮಾತು ಸಿಗೋವರೆಗೆ.

ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯದಲ್ಲಿ ಮತ್ತೀಯನನ್ನು ಆರಿಸೋಕೆ ಚೀಟಿ ಹಾಕಿದರು. 2ನೇ ಅಧ್ಯಾಯದಲ್ಲಿ ಪವಿತ್ರಾತ್ಮನು ಇಳಿದು ಬಂದನು. ಅದಾದ ಮೇಲೆ ಅಪೊಸ್ತಲರು ಚೀಟಿ ಹಾಕಿದ್ದು ಎಲ್ಲೂ ಕಾಣಲ್ಲ. 15ರಲ್ಲಿ ದೊಡ್ಡ ಪ್ರಶ್ನೆ ಬಂದಾಗ ಏನು ಮಾಡಿದರು? ಕೂಡಿಬಂದರು, ವಾದ ಮಾಡಿದರು, ನಡೆದದ್ದನ್ನು ಕೇಳಿದರು, ವಾಕ್ಯ ತೆಗೆದು ನೋಡಿದರು. ಕೊನೆಗೆ, ಇದು ಪವಿತ್ರಾತ್ಮನಿಗೂ ನಮಗೂ ಸರಿ ಕಂಡಿತು ಅಂತ ಪತ್ರ ಬರೆದರು. ಆತ್ಮನು ಅವರ ಬುದ್ಧಿಯನ್ನು ಬದಿಗೆ ತಳ್ಳಲಿಲ್ಲ, ಅದರೊಳಗೇ ಕೆಲಸ ಮಾಡಿದನು. ಹಾಲೆಲೂಯ!

ಪ್ರವಾದನೆ ವರವನ್ನು ನಾನು ಅಲ್ಲಗಳೀತಿಲ್ಲ. ಆತ್ಮನು ತಾನಾಗಿ ಮಾತಾಡಿದರೆ ಸ್ತೋತ್ರ, ಪರೀಕ್ಷಿಸಿ ಸ್ವೀಕರಿಸಿ. ಆದರೆ ಸೋತರೆ ತಪ್ಪು ಪ್ರವಾದಿಯ ಮೇಲೆ ಹಾಕೋಕೆ ಅಂತ ಅವರ ಹತ್ತಿರ ಹೋಗಬೇಡಿ. ಎರಡನೇ ವರ್ಷ ಪೆಥಾಲಜಿಯಲ್ಲಿ ಫೇಲ್ ಆದ ದಿನ "ದೇವರೇ ಹೇಳಿದ್ರಲ್ಲಾ" ಅಂತ ದೇವರನ್ನೇ ದೂರೋ ಸ್ಥಿತಿಗೆ ಬರ್ತೀರಿ. ಯಾಕೋಬ 1:5 ಓದಿ. ಜ್ಞಾನ ಕಡಿಮೆ ಇದ್ದವನು ಕೇಳಲಿ ಅಂತಿದೆ, ಉತ್ತರಪತ್ರಿಕೆ ಕೇಳಲಿ ಅಂತ ಇಲ್ಲ.

ಆ ಜ್ಞಾನ ಕೆಇಎ ಪೋರ್ಟಲ್ ಮುಂದೆಯೂ ಬೇಕು. ಆಪ್ಷನ್ ಎಂಟ್ರಿಯಲ್ಲಿ ನಿಜವಾಗಿ ಬೇಕಾದ ಕ್ರಮದಲ್ಲೇ ಕಾಲೇಜು ಹಾಕಿ. ಪಟ್ಟಿಯಲ್ಲಿ ಮೇಲಿರೋ, ನಿಮ್ಮ ರ‍್ಯಾಂಕಿಗೆ ಸಿಗೋ ಸೀಟನ್ನೇ ಕೊಡೋದು. ಸೀಟು ಬಂದ ಮೇಲೆ ಚಾಯ್ಸ್ 1 ಅಂದ್ರೆ ಇದೇ ಸಾಕು. ಚಾಯ್ಸ್ 2 ಅಂದ್ರೆ ಇದಿರಲಿ, ಮೇಲಿನದು ಸಿಕ್ಕರೆ ಹೋಗ್ತೀನಿ. ಸಿಕ್ಕಿಬಿಟ್ರೆ ಹಳೇ ಸೀಟು ಹೋಗುತ್ತೆ. ಚಾಯ್ಸ್ 3 ಅಂದ್ರೆ ಇದು ಬೇಡ, ಮುಂದಿನ ಸುತ್ತು ನೋಡ್ತೀನಿ. ಚಾಯ್ಸ್ 4 ಅಂದ್ರೆ ಹೊರಗೆ. ಈ ವರ್ಷದ ಸೂಚನೆ ಎರಡು ಸಲ ಓದಿ, ಆಮೇಲೆ ಕ್ಲಿಕ್ ಮಾಡಿ.

4. ಕರೆ ಕಾಲೇಜಿಗಿಂತ ದೊಡ್ಡದು

ಡಾ. ಐಡಾ ಸ್ಕಡರ್ ಹೆಸರು ನಿಮಗೆ ಗೊತ್ತು. ಮಿಷನರಿಯಾಗೋಕೆ ಮನಸ್ಸೇ ಇಲ್ಲದ ಹುಡುಗಿ. ತಮಿಳುನಾಡಿನಲ್ಲಿ ಒಂದೇ ರಾತ್ರಿ ಮೂರು ಮನೆಗಳಿಂದ ಹೆರಿಗೆ ನೋವಿನ ಹೆಂಗಸರಿಗೆ ಸಹಾಯ ಕೇಳ್ಕೊಂಡು ಬಂದರು. ಗಂಡು ಡಾಕ್ಟರ್ ಬೇಡ ಅಂದರು, ಐಡಾಗೆ ವೈದ್ಯ ಗೊತ್ತಿಲ್ಲ. ಮೂವರೂ ಸತ್ತರು. ಅಲ್ಲಿ ಬಂತು ಕರೆ. 1895ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. 1898ರಲ್ಲಿ ಹೆಂಗಸರನ್ನೂ ಸೇರಿಸ್ಕೊಂಡ ಕಾರ್ನೆಲ್ ವೈದ್ಯಕೀಯ ಕಾಲೇಜಿಗೆ ಬದಲಾಯಿಸಿ, 1899ರಲ್ಲಿ ಪದವಿ ಪಡೆದರು. ನೋಡಿ, ಕಾಲೇಜು ಬದಲಾಯ್ತು, ಕರೆ ಬದಲಾಗಲಿಲ್ಲ. ವೆಲ್ಲೂರಿಗೆ ಬಂದು 1900ರಲ್ಲಿ ಒಂದೇ ಹಾಸಿಗೆಯಿಂದ ಶುರು ಮಾಡಿದ್ದು ಇವತ್ತಿನ ಸಿಎಂಸಿ.

ಹಾಗಾಗಿ ಪ್ರಿಯರೇ, ಎರಡೂ ಒಳ್ಳೇ ಬಾಗಿಲಾಗಿದ್ರೆ, ತಪ್ಪು ಬಾಗಿಲಿಗೆ ಹೋದ್ರೆ ದೇವರು ಕೈಬಿಡ್ತಾರೆ ಅಂತ ನಡುಗಬೇಡಿ. ಲೆಕ್ಕ ಹಾಕಿ, ಹಿರಿಯರನ್ನು ಕೇಳಿ, ಉಪವಾಸ ಮಾಡಿ, ಆರಿಸಿ. ಆರಿಸಿದ ಮೇಲೆ ಇನ್ನೊಂದು ಕಾಲೇಜಿನ ಕಡೆ ತಿರುಗಿ ತಿರುಗಿ ನೋಡಬೇಡಿ. ಬೀದರಿಗೆ ಹೋದರೆ ಮೊದಲ ಭಾನುವಾರವೇ ಅಲ್ಲೊಂದು ಸಭೆ ಸೇರ್ಕೊಳ್ಳಿ. ಬೆಂಗಳೂರಲ್ಲೇ ಉಳಿದರೆ, ಊರು ಹತ್ತಿರ ಇದ್ದ ಮಾತ್ರಕ್ಕೆ ದೇವರೂ ಹತ್ತಿರ ಅಂದ್ಕೋಬೇಡಿ.

ಈ ವಾರ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಒಂದು ಹಾಳೆ ತಗೊಂಡು ಕೂತ್ಕೊಳ್ಳಿ. ಎರಡು ಕಾಲಂ ಹಾಕಿ: ವಾರ್ಡ್, ಫೀಸ್, ಬಾಂಡ್, ಸಭೆ, ಕರೆ. ತುಂಬಿಸಿ, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ.

ತಲೆ ಬಾಗಿಸೋಣ. ಪರಲೋಕದ ತಂದೆಯೇ, ಈ ಮಕ್ಕಳಿಗೆ ಜ್ಞಾನ ಕೊಡು. ತಂದೆತಾಯಿಗಳ ಭಯ ತೆಗೆದುಹಾಕು. ಇವರ ಕೈ ಮುಟ್ಟೋ ರೋಗಿಗಳು ನಿನ್ನ ಪ್ರೀತಿ ಕಾಣಲಿ. ಸೀಟು ಸಿಗದೇ ಅಳ್ತಾ ಕೂತಿರೋರನ್ನೂ ನೆನಪಿಸಿಕೋ, ಕರ್ತನೇ. ಯೇಸುವಿನ ನಾಮದಲ್ಲಿ, ಆಮೆನ್.